ಕೊಟ್ಟ ಮೇಲೆ

ಕೂಡಿಡುವ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮೀರಿಸುವವರಿಲ್ಲ. ಖಾಲಿಯಾದ ಹಾರ್ಲಿಕ್ಸ್ ಬಾಟಲಿ, ಹರಿದ ಸೀರೆಯ ಅಂಚು, ಯಾರದೋ ಮದುವೆಯಲ್ಲಿ ಬಂದ ಸ್ಟೀಲಿನ ಡಬ್ಬಿ, ಮಕ್ಕಳು ಒಂದನೆಯ ಇಯತ್ತೆಯಲ್ಲಿ ಬರೆದ ಪಾಟಿ, ಎಲ್ಲವೂ ಅಟ್ಟ ಸೇರುತ್ತವೆ. ಯಾಕೆಂದು ಕೇಳಿದರೆ "ಯಾವಾಗರೆ ಬೇಕಾಗತೈತಿ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆ 'ಯಾವಾಗರೆ' ಮಾತ್ರ ಬರುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಮನೆಗೆ ಸುಣ್ಣ ಹಚ್ಚುವಾಗ ಗಂಡಸರ ಕಣ್ಣಿಗೆ ಬಿದ್ದು ಅವೆಲ್ಲ ಗುಜರಿಯವನ ತಕ್ಕಡಿ ಏರುತ್ತವೆ.

ಹೀಗೆ ಕೂಡಿಡುವವರಿಗೂ ಸಂಗ್ರಹಕಾರರಿಗೂ ಇರುವ ಅಂತರ ಬಹಳ ಸಣ್ಣದು ಎಂದು ನನಗೆ ಅನ್ನಿಸುತ್ತದೆ. ಸಂಗ್ರಹಕಾರನಿಗೆ ತನ್ನಲ್ಲಿ ಏನಿದೆ ಎಂಬುದು ಗೊತ್ತಿರುತ್ತದೆ, ಅಷ್ಟೆ. ಆದರೆ ಕೂಡಿಟ್ಟದ್ದನ್ನೆಲ್ಲ ಒಂದು ದಿನ ಕಣ್ಣೆದುರಿಗೇ ಕೊಟ್ಟುಬಿಡುವವರು ಇದ್ದಾರಲ್ಲ, ಅವರ ಜಾತಿಯೇ ಬೇರೆ. ಅಂಥವರಲ್ಲಿ ಒಬ್ಬರ ಹೆಸರು ನನ್ನ ಮನಸ್ಸಿನಲ್ಲಿ ಮೂವತ್ತೈದು ವರ್ಷಗಳಿಂದ ಕೂತಿದೆ. ಅವರು ಕಾಶಿಯ ರಾಯ್ ಕೃಷ್ಣದಾಸರು.

ಕಾಲೇಜಿನಲ್ಲಿದ್ದಾಗ ನಾನು ಹಿಂದಿ ಪರೀಕ್ಷೆಗಳಿಗೆ ಕಟ್ಟುತ್ತಿದ್ದೆ. ಆಗಿನ ಕಾಲಕ್ಕೆ ನಮ್ಮ ಕಡೆ ಹೆಣ್ಣುಮಕ್ಕಳು ಬೇಸಿಗೆ ರಜೆಯಲ್ಲಿ ಮಾಡುತ್ತಿದ್ದ ಕೆಲಸ ಎರಡೇ, ಹೊಲಿಗೆ ಕ್ಲಾಸು ಇಲ್ಲವೇ ಹಿಂದಿ ಕ್ಲಾಸು. ಅಲ್ಲಿಯ ಗುರುಗಳು 'ಗದ್ಯಕಾವ್ಯ' ಎಂಬ ಹೊಸ ಬಗೆಯ ಬರವಣಿಗೆಯ ಬಗ್ಗೆ ಹೇಳುವಾಗ ರಾಯ್ ಕೃಷ್ಣದಾಸರ 'ಸಾಧನಾ' ಎಂಬ ಪುಸ್ತಕದ ಹೆಸರು ತೆಗೆದರು. ತೆಗೆದು, ನೋಟ್ಸ್ ಬರೆಸುವುದನ್ನು ನಿಲ್ಲಿಸಿ, "ಇವರು ಬರೆದದ್ದಕ್ಕಿಂತ ಬಿಟ್ಟುಕೊಟ್ಟದ್ದು ದೊಡ್ಡದು" ಎಂದರು. ಪರೀಕ್ಷೆಗೆ ಬಾರದ ಆ ಮಾತೇ ನನಗೆ ನೆನಪಿನಲ್ಲಿ ಉಳಿಯಿತು.

2014ರ ದಸರೆಯ ರಜೆಯಲ್ಲಿ ಅಕ್ಕನೊಂದಿಗೆ ಕಾಶಿಗೆ ಹೋಗುವ ಯೋಗ ಬಂತು. ನಮ್ಮ ಕಡೆಯ ಬಹಳ ಮಂದಿಯಂತೆ ನಾವೂ ಜಂಗಮವಾಡಿ ಮಠದಲ್ಲಿ ಇಳಿದುಕೊಂಡೆವು. ವಿಶ್ವನಾಥನ ದರ್ಶನವಾಯಿತು, ಗಂಗೆಯಲ್ಲಿ ದೋಣಿ ವಿಹಾರವಾಯಿತು. ಮೂರನೆಯ ದಿನ ಅಕ್ಕನಿಗೆ ಸೀರೆಯ ಅಂಗಡಿಗೆ ಹೋಗಬೇಕು, ನನಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದೊಳಗಿನ ಭಾರತ ಕಲಾ ಭವನಕ್ಕೆ ಹೋಗಬೇಕು. "ಕಾಶಿಗೆ ಬಂದು ಮ್ಯೂಸಿಯಂ ನೋಡತೀ ಏನ? ಅದಕ್ಕ ವಿಜಾಪುರ ಇತ್ತಲ್ಲ" ಎಂದು ಗೊಣಗಿಕೊಂಡೇ ಅಕ್ಕ ಆಟೋ ಹತ್ತಿದಳು.

ಒಳಗೆ ಹೋದ ಮೇಲೆ ಗೊಣಗಾಟ ನಿಂತಿತು. ಗೋವರ್ಧನ ಗಿರಿಯನ್ನು ಎತ್ತಿ ಹಿಡಿದ ಕೃಷ್ಣನ ಒಂದು ದೊಡ್ಡ ಕಲ್ಲಿನ ಮೂರ್ತಿ ಅಲ್ಲಿದೆ. ಗುಪ್ತರ ಕಾಲದ್ದು, ಕಾಶಿಯಲ್ಲೇ ಸಿಕ್ಕದ್ದು. ಮುಖಕ್ಕೆ ಪೆಟ್ಟು ಬಿದ್ದಿದ್ದರೂ ಎತ್ತಿದ ತೋಳಿನಲ್ಲಿ ಒಂದಿಷ್ಟೂ ಆಯಾಸ ಕಾಣದು. ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ "ನಮ್ಮ ತೊಟ್ಟಿಲದಾಗೂ ಹಿಂಗ ಎತ್ತಿ ನಿಂತಾನಲ್ಲ" ಎಂದಳು. ಆ ತೊಟ್ಟಿಲಿನ ಮಾತಿಗೆ ಮುಂದೆ ಬರುತ್ತೇನೆ.

ನವಿಲಿನ ಮೇಲೆ ಕೂತ ಕಾರ್ತಿಕೇಯ, ಕಾಶಿಯ ಜರತಾರಿ ನೇಯ್ಗೆಯ ಹಳೆಯ ಬಟ್ಟೆಗಳು, ನಾಣ್ಯಗಳು, ಮೊಗಲರ ಮತ್ತು ರಜಪೂತರ ಕಾಲದ ಸಣ್ಣ ಸಣ್ಣ ಚಿತ್ರಗಳು, ಎಲ್ಲ ಸೇರಿ ಒಂದು ಲಕ್ಷಕ್ಕೂ ಮಿಕ್ಕ ವಸ್ತುಗಳು ಆ ಭವನದ ಲೆಕ್ಕದಲ್ಲಿವೆ. ಅಕ್ಬರನ ಕಾಲದಲ್ಲಿ, 1596ರ ಸುಮಾರಿಗೆ, ಲಾಹೋರಿನಲ್ಲಿ ತಯಾರಾದ 'ಅನ್ವಾರ್-ಎ-ಸುಹೈಲಿ' ಎಂಬ ಸಚಿತ್ರ ಹಸ್ತಪ್ರತಿಯೂ ಅವುಗಳಲ್ಲಿ ಒಂದು. ಹೆಸರು ಪಾರಸಿಯದು, ಆದರೆ ಅದರೊಳಗಿನ ಕಥೆಗಳ ಮೂಲ ನಮ್ಮ ಪಂಚತಂತ್ರ. ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಕನ್ನಡಕ್ಕೆ ತಂದ ಪಂಚತಂತ್ರವನ್ನು ನಾವು ಶಾಲೆಯಲ್ಲಿ ಹೇಳಿಕೊಡುತ್ತೇವಲ್ಲ, ಅದೇ ಬಳಗದ ನರಿ, ಸಿಂಹ, ಎತ್ತುಗಳು ಅಲ್ಲಿ ಪಾರಸಿ ಮಾತನಾಡುತ್ತವೆ.

ಇಷ್ಟೆಲ್ಲದಕ್ಕೆ ಬೀಜ ಹಾಕಿದವರು ರಾಯ್ ಕೃಷ್ಣದಾಸರು. ಅವರು ಹುಟ್ಟಿದ್ದು 1892ರಲ್ಲಿ, ಕಾಶಿಯ ಶ್ರೀಮಂತ ಮನೆತನದಲ್ಲಿ. ಆಧುನಿಕ ಹಿಂದಿ ಸಾಹಿತ್ಯದ ಜನಕ ಎನ್ನಿಸಿಕೊಂಡ ಭಾರತೇಂದು ಹರಿಶ್ಚಂದ್ರರಿಗೆ ಇವರ ಮನೆತನ ಸಂಬಂಧಿಕರದು. ಜಯಶಂಕರ ಪ್ರಸಾದರು ಮತ್ತು ಮೈಥಿಲೀಶರಣ ಗುಪ್ತರು ಆಪ್ತಮಿತ್ರರು. ಇಂಥವರು ಬರೆದುಕೊಂಡು ಸುಖವಾಗಿ ಇದ್ದುಬಿಡಬಹುದಿತ್ತು. ಇದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಹಳೆಯ ನವಾಬರ, ಜಮೀನ್ದಾರರ ಮನೆಗಳು ಮುಳುಗುತ್ತಿದ್ದವು. ಅಜ್ಜ ಮುತ್ತಜ್ಜರ ಕಾಲದ ಚಿತ್ರಗಳು ಮೊಮ್ಮಕ್ಕಳಿಗೆ ಬೇಡವಾಗಿದ್ದವು. ನಮ್ಮವರಿಗೆ ಬೇಡವಾದದ್ದನ್ನು ಹೊರಗಿನವರು ಕೊಂಡು ಹಡಗು ಹತ್ತಿಸುತ್ತಿದ್ದರು. ಆನಂದ ಕುಮಾರಸ್ವಾಮಿಯವರಂಥ ದೊಡ್ಡ ವಿದ್ವಾಂಸರು ತಮ್ಮ ಅಮೂಲ್ಯ ಚಿತ್ರಸಂಗ್ರಹವನ್ನು ಈ ದೇಶಕ್ಕೇ ಕೊಡಲು ಸಿದ್ಧರಿದ್ದರು. ಕಾಶಿಯಲ್ಲಿ ಒಂದು ರಾಷ್ಟ್ರೀಯ ಕಲಾ ಸಂಗ್ರಹಾಲಯ ಆಗಲಿ ಎಂಬುದು ಅವರ ಆಸೆಯಾಗಿತ್ತು. ಕೈ ಚಾಚಿ ತೆಗೆದುಕೊಳ್ಳುವವರು ಸಿಗಲಿಲ್ಲ. 1917ರಲ್ಲಿ ಅವರೂ ಅವರ ಸಂಗ್ರಹವೂ ಅಮೆರಿಕೆಯ ಬೋಸ್ಟನ್ ನಗರ ಸೇರಿದವು. ಕೊಡುವವರಿಲ್ಲ ಎಂದು ನಾವು ಯಾವಾಗಲೂ ಅಳುತ್ತೇವೆ. ಕೊಡುವವರು ಬಾಗಿಲಿಗೆ ಬಂದಾಗ ಕದ ತೆರೆಯುವವರೂ ಬೇಕಲ್ಲವೆ?

ಅದಾದ ಮೂರು ವರ್ಷಕ್ಕೆ, 1920ರ ಜನವರಿ 1ರಂದು, ಅದೇ ಕಾಶಿಯಲ್ಲಿ ಭಾರತ ಕಲಾ ಪರಿಷತ್ತು ಹುಟ್ಟಿತು. ರಾಯ್ ಕೃಷ್ಣದಾಸರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ರವೀಂದ್ರನಾಥ ಠಾಕೂರರು ಅದರ ಅಧ್ಯಕ್ಷರಾಗಲು ಒಪ್ಪಿದರು. ತಾವು ಹುಡುಕಿ, ಕೊಂಡು, ಕಾಪಾಡಿದ್ದನ್ನು ರಾಯರು ಆ ಸಂಸ್ಥೆಗೆ ಒಪ್ಪಿಸಿದರು. ಇದು ಅವರು ಕೊಟ್ಟ ಮೊದಲ ಸಲ.

ಸಂಸ್ಥೆಗೆ ಗಟ್ಟಿ ನೆಲೆ ಬೇಕಿತ್ತು. 1929ರಲ್ಲಿ ಅದು ಕಾಶಿಯ ನಾಗರೀ ಪ್ರಚಾರಿಣೀ ಸಭೆಯ ಆಶ್ರಯಕ್ಕೆ ಹೋಯಿತು. ಭಾರತ ಕಲಾ ಭವನ ಎಂಬ ಹೆಸರು ಬಂತು. ಎರಡನೆಯ ಸಲ ಕೊಟ್ಟರು. ಸಂಗ್ರಹ ಬೆಳೆಯುತ್ತ ಹೋಗಿ ಸಭೆಯ ಜಾಗವೂ ಸಾಲದಾದಾಗ, 1950ರಲ್ಲಿ, ಇಡಿಯಾಗಿ ಹಿಂದೂ ವಿಶ್ವವಿದ್ಯಾಲಯಕ್ಕೆ ಒಪ್ಪಿಸಲಾಯಿತು. ಹೊಸ ಕಟ್ಟಡದ ಅಡಿಗಲ್ಲನ್ನು ಜವಾಹರಲಾಲ್ ನೆಹರು ಇಟ್ಟರು. ಕಟ್ಟಡ ಪೂರ್ತಿಯಾಗಿ ವಸ್ತುಗಳೆಲ್ಲ ಅಲ್ಲಿಗೆ ಹೋಗುವ ಹೊತ್ತಿಗೆ 1962 ಆಗಿತ್ತು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಹಿಡಿದ ಕೆಲಸಕ್ಕೆ ಎಪ್ಪತ್ತನೆಯ ವಯಸ್ಸಿನಲ್ಲಿ ಸೂರು ಸಿಕ್ಕಿತು.

ನಮ್ಮ ಭಾಷೆಯಲ್ಲಿ 'ಸಂಪಾದನೆ' ಎಂಬ ಮಾತಿಗೆ ಎರಡು ಅರ್ಥ. ಗಳಿಸುವುದೂ ಸಂಪಾದನೆ, ಗ್ರಂಥವನ್ನು ತಿದ್ದಿ ಸಿದ್ಧಪಡಿಸುವುದೂ ಸಂಪಾದನೆ. ರಾಯ್ ಕೃಷ್ಣದಾಸರು ಎರಡೂ ಅರ್ಥದಲ್ಲಿ ಸಂಪಾದಕರು. ಭಾರತ ಕಲಾ ಭವನದಿಂದ ಹೊರಟ 'ಕಲಾನಿಧಿ' ಎಂಬ ಹಿಂದಿ ತ್ರೈಮಾಸಿಕವನ್ನು ಅವರು ಸಂಪಾದಿಸಿದರು. 'ಭಾರತ್ ಕೀ ಚಿತ್ರಕಲಾ', 'ಭಾರತೀಯ ಮೂರ್ತಿಕಲಾ' ಎಂಬ ಎರಡು ಪುಸ್ತಕಗಳನ್ನು ಬರೆದರು. ಪ್ರಸಾದರ 'ಕಾಮಾಯನಿ'ಯನ್ನು ಹೊರತಂದ 'ಭಾರತೀ ಭಂಡಾರ' ಪ್ರಕಾಶನವೂ ಅವರೇ ಹುಟ್ಟುಹಾಕಿದ್ದು. ಕನ್ನಡ ಕಲಿಸುವ ನನ್ನಂಥವಳಿಗೆ ಇದರ ಬೆಲೆ ತಟ್ಟನೆ ತಿಳಿಯುತ್ತದೆ. ಆಗ ನಮ್ಮ ಚಿತ್ರ, ಶಿಲ್ಪಗಳ ಬಗ್ಗೆ ಗಂಭೀರವಾಗಿ ಬರೆಯುವವರು ಹೆಚ್ಚಾಗಿ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ರೇಖೆ, ಬಣ್ಣ, ಅಂಚು, ಹಿನ್ನೆಲೆ ಇವನ್ನೆಲ್ಲ ಜನರ ಮಾತಿನಲ್ಲಿ ಹೇಳಿದರೆ ತಾನೆ, ಚಿತ್ರ ಜನರದ್ದಾಗುವುದು? ಕಪಾಟಿನ ಕೀಲಿ ಕೊಟ್ಟು ಮಾತಿನ ಕೀಲಿ ಇಟ್ಟುಕೊಂಡರೆ ಅದು ಅರ್ಧ ದಾನ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದ್ದು. ಕಾಶಿಯಲ್ಲಿ ಉಸ್ತಾದ್ ರಾಮಪ್ರಸಾದ್ ಎಂಬ ಚಿತ್ರಕಾರರಿದ್ದರು. ಮೊಗಲ್ ಪರಂಪರೆಯ ಕೈಚಳಕವನ್ನು ವಂಶದಿಂದ ಪಡೆದು ಉಳಿಸಿಕೊಂಡ ಕೊನೆಯ ಕೆಲವರಲ್ಲಿ ಒಬ್ಬರು. ರಾಯರು ಅವರಿಗೆ ಆಶ್ರಯವಾದರು. ಬಣ್ಣ ಅರೆಯುವುದು ಹೇಗೆ, ಕುಂಚ ಕಟ್ಟುವುದು ಹೇಗೆ, ಕಾಗದ ಹದ ಮಾಡುವುದು ಹೇಗೆ ಎಂಬ ತಿಳಿವಳಿಕೆ ಅಂಥವರ ಬೆರಳಿನಲ್ಲಿತ್ತು. ಸತ್ತವರ ಚಿತ್ರಕ್ಕೆ ಗಾಜಿನ ಪೆಟ್ಟಿಗೆ ಮಾಡಿಸುವವರು ಬದುಕಿದ ಚಿತ್ರಕಾರನ ಒಲೆಯ ಮೇಲೆ ಪಾತ್ರೆ ಇದೆಯೋ ಇಲ್ಲವೋ ನೋಡುವುದು ಅಪರೂಪ.

ಇನ್ನು ತೊಟ್ಟಿಲಿನ ಮಾತು. ಕಲಘಟಗಿಯ ತೊಟ್ಟಿಲನ್ನು ನೀವೂ ನೋಡಿರಬಹುದು. ಸಾಗವಾನಿಯ ಕಟ್ಟಿಗೆಗೆ ಅರಗಿನ ಬಣ್ಣ ಹಾಕಿ, ಕೇದಿಗೆಯ ಗರಿಯಿಂದ ತಿಕ್ಕಿ ಹೊಳಪು ಕೊಟ್ಟು, ಸುತ್ತ ಪುರಾಣದ ಚಿತ್ರ ಬರೆಯುತ್ತಾರೆ. ತಲೆಮಾರು ಕಳೆದರೂ ಬಣ್ಣ ಮಾಸುವುದಿಲ್ಲ. ನಮ್ಮ ಅವ್ವನ ಅಜ್ಜಿಯ ತವರಿನಿಂದ ಬಂದ ಅಂಥ ಒಂದು ತೊಟ್ಟಿಲು ಊರ ಮನೆಯಲ್ಲಿತ್ತು. ಒಂದು ಮಗ್ಗಲಿಗೆ ಕೃಷ್ಣನ ಬಾಲಲೀಲೆ, ಇನ್ನೊಂದಕ್ಕೆ ರಾಮಾಯಣ, ತಲೆಯ ಕಡೆ ಗಣಪತಿ, ಕಾಲ ಕಡೆ ಎದುರುಬದುರು ಎರಡು ಗಿಳಿ. ಅವ್ವ ಅದರಲ್ಲಿ ಮಲಗಿ ಬೆಳೆದವಳು. ನಾವು ನಾಲ್ವರೂ ಅದರಲ್ಲಿ ಮಲಗಿದವರು. ನಮ್ಮ ಮಕ್ಕಳೂ ಅಷ್ಟೆ.

2017ರಲ್ಲಿ ಅವ್ವ ತೀರಿಕೊಂಡಳು. ಊರ ಮನೆಗೆ ಕೀಲಿ ಬಿತ್ತು. ಮನೆ ಮಾರುವ ಮಾತು ಬಂದಾಗ ಎಲ್ಲಿಂದಲೋ ಸುದ್ದಿ ಹತ್ತಿ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಬಂದ. ಬಾಗಿಲು, ಕಂಬ, ಹಿತ್ತಾಳೆಯ ಹಂಡೆ ಎಲ್ಲವನ್ನೂ ನೋಡಿ ಕೊನೆಗೆ ತೊಟ್ಟಿಲಿಗೆ 40,000 ರೂಪಾಯಿ ಅಂದ. ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ತೊಟ್ಟಿಲು ಆ ಕ್ಷಣಕ್ಕೆ ಎಲ್ಲರಿಗೂ ಬೇಕಾಯಿತು. ಅಣ್ಣ ಹಿರಿಯ ಮಗ, ಅವನಿಗೆ ಬೇಕು. ಅಕ್ಕನ ಮಗಳಿಗೆ ಮದುವೆಯಾಗಿದೆ, ಅವಳಿಗೆ ಬೇಕು. ತಮ್ಮ ನಗುತ್ತಲೇ "ನಾಲ್ಕು ಮಗ್ಗಲ ಐತಿ, ನಾವು ನಾಲ್ಕು ಮಂದಿ. ಒಂದೊಂದು ಹಲಗಿ ಒಯ್ದು ಗ್ವಾಡಿಗೆ ಹಾಕ್ಕೊಳ್ಳೂಣು" ಎಂದ. ಅವನು ನಕ್ಕದ್ದು ತಮಾಷೆಗೆ. ಆದರೆ ಯಾರೂ ಅದನ್ನು ಬೇಡ ಅನ್ನಲಿಲ್ಲ. ಆಗ ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು.

ನಾನು ಆವತ್ತು ಕಾಶಿಯ ಮಾತು ತೆಗೆದೆ. ರಾಯ್ ಕೃಷ್ಣದಾಸರ ಕಥೆಯನ್ನು ಪಾಠ ಹೇಳುವ ಹಾಗೆ ಹೇಳಿದೆ. ಒಡೆದರೆ ನಾಲ್ಕು ಹಲಗೆ, ಇಡಿಯಾಗಿ ಉಳಿದರೆ ತೊಟ್ಟಿಲು ಎಂದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು "ಮಾರೂದು ಬ್ಯಾಡ, ಒಡಿಯೂದೂ ಬ್ಯಾಡ. ಎಲ್ಲೆರೆ ಛಲೋ ಜಾಗಾದಾಗ ಕೊಟ್ಟುಬಿಡೂಣು, ಅವ್ವನ ಹೆಸರಿಲೆ" ಎಂದ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೂಂ ಅಂದಳು. 2018ರಲ್ಲಿ ಜಿಲ್ಲೆಯ ಒಂದು ಸಣ್ಣ ಸಂಗ್ರಹಾಲಯಕ್ಕೆ ತೊಟ್ಟಿಲು ಹೋಯಿತು. ಅವರು ಕಾಗದಪತ್ರ ಮಾಡಿ ನಾಲ್ವರ ಸಹಿ ಹಾಕಿಸಿಕೊಂಡು, ಶಾಲು ಹೊದಿಸಿ ಕಳಿಸಿದರು. ದಾನ ಮಾಡಿದ ಸಂತೋಷದಲ್ಲಿ ನಾವು ದಾರಿಯಲ್ಲಿ ಮಿರ್ಚಿ ಭಜಿ ತಿಂದು ಮನೆಗೆ ಬಂದೆವು.

ನಿಜವಾಗಿ ಕೊಟ್ಟದ್ದು ಮರುವರ್ಷ. ಅಕ್ಕನ ಮಗಳು ಗಂಡುಮಗುವನ್ನು ಹೆತ್ತಳು. ಹೆಸರಿಡುವ ದಿನ ಗೊತ್ತಾಯಿತು. ಹುಡುಗಿ ಫೋನ್ ಮಾಡಿ "ಚಿಗವ್ವಾ, ಒಂದ ದಿನದ ಮಟ್ಟಿಗೆ ನಮ್ಮ ತೊಟ್ಟಿಲ ಇಸ್ಕೊಂಡು ಬಾ. ಮುಂಜಾನೆ ತಂದು ಸಂಜೀಕ ಮುಟ್ಟಿಸಿದರಾತು. ನೀ ಹೇಳಿದರ ಅವರು ಇಲ್ಲ ಅನ್ನೂದಿಲ್ಲ" ಎಂದಳು. ಬಾಣಂತಿಯ ಆಸೆ. ಹೋದೆ. ಅಲ್ಲಿಯ ಅಧಿಕಾರಿ ಕುರ್ಚಿ ಕೊಟ್ಟು, ಚಹಾ ತರಿಸಿ, ಬಹಳ ಮರ್ಯಾದೆಯಿಂದ ಇಲ್ಲ ಅಂದರು. "ಮೇಡಂ, ಅದಕ್ಕ ರಜಿಸ್ಟರಿನಾಗ ನಂಬರ ಬಿದ್ದೈತ್ರಿ. ಇವತ್ತ ನಿಮಗ ಕೊಟ್ಟರ ನಾಳೆ ಇನ್ನೊಬ್ಬರಿಗೆ ಇಲ್ಲ ಅನ್ನಾಕ ಬರೂದಿಲ್ರಿ." ಅವರ ಮಾತಿನಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ. ಹಾಗೆ ಮನೆಮನೆಗೆ ಕೊಟ್ಟು ಕಳಿಸುವ ಜಾಗವಾಗಿದ್ದರೆ ನಾವೇ ಅಲ್ಲಿ ಕೊಡುತ್ತಿರಲಿಲ್ಲ.

ಕೂಸನ್ನು ಬಾಡಿಗೆಗೆ ತಂದ ಸ್ಟೀಲಿನ ತೊಟ್ಟಿಲಿಗೆ ಹಾಕಿ ಹೆಸರಿಟ್ಟೆವು. ಸುತ್ತ ಹೂವು ಕಟ್ಟಿದ್ದರು. ಫೋಟೋದಲ್ಲಿ ಚಂದವಾಗಿಯೇ ಬಂದಿದೆ. ಅಕ್ಕ ಮಾತ್ರ ನನ್ನೊಂದಿಗೆ ಎರಡು ತಿಂಗಳು ಮಾತಾಡಲಿಲ್ಲ. "ದೊಡ್ಡವರ ಕಥಿ ಹೇಳಿ ನಮ್ಮ ಮನಿ ತೊಟ್ಟಿಲ ಕಳದಿ" ಎಂದು ಒಬ್ಬರ ಮುಂದೆ ಅಂದಳಂತೆ. ಅದು ನನ್ನ ಕಿವಿಗೆ ಬಿತ್ತು.

ಆ ಎರಡು ತಿಂಗಳಲ್ಲಿ ನಾನು ರಾಯ್ ಕೃಷ್ಣದಾಸರನ್ನು ಹೊಸದಾಗಿ ನೆನೆದೆ. ಅಲ್ಲಿಯವರೆಗೆ ಅವರು ನನಗೆ ಕೊಟ್ಟ ದೊಡ್ಡವರಾಗಿದ್ದರು. ಕೊಟ್ಟ ಮೇಲಿನ ದಿನಗಳನ್ನು ನಾನು ಲೆಕ್ಕ ಹಾಕಿರಲಿಲ್ಲ. ಒಂದು ತೊಟ್ಟಿಲು ಹೋದದ್ದಕ್ಕೆ ನಮ್ಮ ಮನೆಯಲ್ಲಿ ಇಷ್ಟು ಕಣ್ಣೀರು. ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ಆರಿಸಿ ತಂದವರು ಅವುಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟರು. ಮೆಚ್ಚಿನ ಚಿತ್ರವನ್ನು ರಾತ್ರಿ ದೀಪದ ಬೆಳಕಿನಲ್ಲಿ ಇನ್ನೊಮ್ಮೆ ನೋಡಬೇಕೆನಿಸಿದರೆ ಅದು ಈಗ ಸಂಸ್ಥೆಯ ಸೊತ್ತು. 1920ರಲ್ಲಿ ಕೊಟ್ಟರು ಎಂದು ನಾವು ಒಂದು ವಾಕ್ಯದಲ್ಲಿ ಬರೆದು ಮುಗಿಸುತ್ತೇವೆ. ಆದರೆ ಕೊಡುವುದು ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ಅವರು ಅದನ್ನು ಅರವತ್ತು ವರ್ಷ ಮಾಡಿದರು. ಸಂಬಳವಿಲ್ಲದೆ ಆ ಭವನದ ನಿರ್ದೇಶಕರಾಗಿ ದುಡಿದರು. ಒಡೆತನ ಬಿಟ್ಟರು, ಕಾವಲು ಬಿಡಲಿಲ್ಲ.

ಮನೆಯವರ ಪಾಲಿಗೆ ಏನು ಉಳಿಯಿತು ಎಂಬ ಪ್ರಶ್ನೆಗೂ ಅಲ್ಲಿಯೇ ಉತ್ತರವಿದೆ. ಅವರ ಮಗ ಆನಂದಕೃಷ್ಣರು ಕಲೆಯ ಇತಿಹಾಸದಲ್ಲಿ ಹೆಸರಾದ ವಿದ್ವಾಂಸರಾದರು. ಕಲಾ ಭವನಕ್ಕೆ ಐವತ್ತು ವರ್ಷವಾದ ನೆನಪಿಗೆ 1971ರಲ್ಲಿ ಬಂದ 'ಛವಿ' ಎಂಬ ದೊಡ್ಡ ಗ್ರಂಥದ ಸಂಪಾದಕರು ಅವರೇ. ಚಿತ್ರಗಳು ಮಗನ ಪಾಲಿಗೆ ಬರಲಿಲ್ಲ, ಚಿತ್ರಗಳನ್ನು ನೋಡುವ ಕಣ್ಣು ಬಂತು.

1980ರಲ್ಲಿ ಸರಕಾರ ರಾಯ್ ಕೃಷ್ಣದಾಸರಿಗೆ ಪದ್ಮವಿಭೂಷಣ ಕೊಟ್ಟಿತು. ಅದೇ ವರ್ಷ ಅದೇ ಪ್ರಶಸ್ತಿ ಕಾಶಿಯ ಇನ್ನೊಬ್ಬರಿಗೂ ಬಂತು, ಶಹನಾಯಿಯ ಬಿಸ್ಮಿಲ್ಲಾ ಖಾನರಿಗೆ. ಒಬ್ಬರು ಉಸಿರಿನಿಂದ ಊರಿನ ಹೆಸರು ಬೆಳಗಿಸಿದವರು, ಇನ್ನೊಬ್ಬರು ಊರು ಎಸೆದದ್ದನ್ನು ಎತ್ತಿಟ್ಟವರು. ಆ ವರ್ಷವೇ ರಾಯರು ತೀರಿಕೊಂಡರು. ಅವರ ಅಭಿನಂದನೆಗೆಂದು ಸಿದ್ಧವಾದ 'ಛವಿ'ಯ ಎರಡನೆಯ ಸಂಪುಟ ಹೊರಬಂದದ್ದು 1981ರಲ್ಲಿ. ಕೈಯಲ್ಲಿ ಹಿಡಿದು ನೋಡಲು ಅವರಿರಲಿಲ್ಲ. ಜೀವನವೆಲ್ಲ ಕೊಟ್ಟವರಿಗೆ ತೆಗೆದುಕೊಳ್ಳುವ ಸರದಿ ಬಂದಾಗ ಹೊತ್ತು ಮೀರಿತ್ತು.

ಅಕ್ಕನ ಸಿಟ್ಟಿನ ಮಾತನ್ನು ಅರ್ಧಕ್ಕೆ ಬಿಡಬಾರದು. ಕೋವಿಡ್ಡಿನ ಕಾಟ ತಗ್ಗಿದ ಮೇಲೆ, 2022ರ ದೀಪಾವಳಿ ರಜೆಯಲ್ಲಿ, ಅಕ್ಕ, ಅವಳ ಮಗಳು, ಮೂರು ವರ್ಷದ ಮೊಮ್ಮಗ ಮತ್ತು ನಾನು ಆ ಸಂಗ್ರಹಾಲಯಕ್ಕೆ ಹೋದೆವು. ಕರೆದವಳು ಅಕ್ಕನೇ. ತೊಟ್ಟಿಲಿನ ಸುತ್ತ ಹಗ್ಗ ಕಟ್ಟಿದ್ದರು. ಧೂಳು ಇರಲಿಲ್ಲ, ಅದನ್ನು ಅಕ್ಕ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು. ಯಾವುದೋ ಹಳ್ಳಿಯ ಶಾಲೆಯಿಂದ ಪ್ರವಾಸ ಬಂದ ಹುಡುಗಿಯರು ಗುಂಪಾಗಿ ಬಂದು "ಇದೇನ್ರಿ ಅಜ್ಜಿ?" ಎಂದು ಕೇಳಿದರು. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಹುಡುಗಿಯರ ಕಡೆ ತಿರುಗಿ, ಇದು ಅರಗಿನ ಬಣ್ಣ, ಇವನು ಗುಡ್ಡ ಎತ್ತಿದ ಕೃಷ್ಣ, ಇವು ಗಿಳಿ, ಕೂಸು ಎಚ್ಚರಾದಾಗ ಮೊದಲು ಕಾಣೋದು ಈ ಗಿಳಿ ಎಂದು ಒಂದೊಂದಾಗಿ ಹೇಳತೊಡಗಿದಳು. ನಮ್ಮದು ಎಂಬ ಮಾತನ್ನು ಮಾತ್ರ ಎಲ್ಲೂ ಆಡಲಿಲ್ಲ. ಮೊಮ್ಮಗ ಹಗ್ಗದ ಕೆಳಗೆ ಕೈ ಹಾಕಿ ಗಿಳಿಯನ್ನು ಮುಟ್ಟಲು ಹೋದ. ಕಾವಲಿನವನು ಕೂಗುವ ಮೊದಲೇ ಅಕ್ಕ ಅವನ ಕೈ ಹಿಡಿದು, "ಮುಟ್ಟಬಾರದಪ್ಪಾ, ನೋಡಬೇಕಷ್ಟ" ಎಂದಳು.